ಕತ್ತರಿ ವಿದ್ಯೆ

ಕತ್ತರಿ ಹಿಡಿದವರ ಮೇಲೆ ನಮ್ಮ ಜನಕ್ಕೆ ಎಂದೂ ಪೂರ್ತಿ ನಂಬಿಕೆಯಿಲ್ಲ. ದರ್ಜಿಯ ಮುಂದೆ ಬಟ್ಟೆಯನ್ನು ಎರಡು ಸಲ ಅಳೆಸುತ್ತೇವೆ. ಕ್ಷೌರದಂಗಡಿಯಲ್ಲಿ ಕನ್ನಡಿಯಿಂದ ಕಣ್ಣು ತೆಗೆಯುವುದಿಲ್ಲ. ಮಾಧ್ಯಮದ ವಿದ್ಯಾರ್ಥಿಯಾಗಿ ಈಚೆಗೆ ನಾನೂ ಆ ಕುಲಕ್ಕೆ ಸೇರಿದೆ. ನನ್ನ ಕತ್ತರಿ ಮಾತ್ರ ಕಂಪ್ಯೂಟರಿನೊಳಗಿನದು. ಅದು ಕತ್ತರಿಸುವುದು ವಿಡಿಯೋವನ್ನು.

ಮೊದಲ ಪಾಠ ಲೆಕ್ಕದ್ದು. ನಮ್ಮ ವಿಡಿಯೋದ ಒಂದೊಂದು ಸೆಕೆಂಡಿಗೂ 25 ಚಿತ್ರಗಳು. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಜ್ಜಿಯೊಬ್ಬರು ನಮ್ಮ ಕ್ಯಾಮೆರಾದ ಮುಂದೆ 40 ನಿಮಿಷ ಮಾತಾಡಿದ್ದರು. ಎಂದರೆ 60,000 ಚಿತ್ರ. ಉಳಿಸಬೇಕಾದದ್ದು 3 ನಿಮಿಷ, 4,500 ಚಿತ್ರ.

ಎರಡನೆಯ ಪಾಠ ಮರೆಮಾಡುವುದು. ಮಾತನ್ನು ನಡುವೆ ಕತ್ತರಿಸಿ ಕೂಡಿಸಿದರೆ ತೆರೆಯ ಮೇಲೆ ತಲೆ ಥಟ್ಟನೆ ಜಿಗಿಯುತ್ತದೆ. ಆ ಜಾಗದ ಮೇಲೆ ಮಲ್ಲಿಗೆ ಕಟ್ಟುವ ಬೆರಳುಗಳ ಚಿತ್ರ ಹೊದಿಸಿದರೆ ಮುಗಿಯಿತು: ದನಿ ಹರಿಯುತ್ತದೆ, ಗಾಯ ಕಾಣುವುದಿಲ್ಲ.

ಮೂರನೆಯ ಪಾಠ ರಷ್ಯದ ನಿರ್ದೇಶಕ ಲೆವ್ ಕುಲೆಶೋವನದು. 1920ರ ಸುಮಾರಿಗೆ ಆತ ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕಕ್ಕೆ, ಒಮ್ಮೆ ಶವಪೆಟ್ಟಿಗೆಯ ಪಕ್ಕಕ್ಕೆ ಜೋಡಿಸಿ ತೋರಿಸಿದನಂತೆ. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಮುಖ ಬದಲಾಗಿರಲಿಲ್ಲ, ನೆರೆ ಬದಲಾಗಿತ್ತು.

ಇಷ್ಟು ವಿದ್ಯೆ ಕೈಗೆ ಬಂದ ಹೊತ್ತಿಗೆ ಅಜ್ಜಿಯ ಈ ಮಾತು ಎದುರಾಯಿತು: “ಮಗ ನೋಡ್ಕೊಳ್ಳಲ್ಲ ಅಂತಲ್ಲ ಕಣಪ್ಪ, ಸುಮ್ನೆ ಮನೇಲಿ ಕೂತ್ರೆ ನಂಗೇ ಹೊತ್ತು ಹೋಗಲ್ಲ.”

ಪಕ್ಕದಲ್ಲಿದ್ದ ಗೆಳೆಯ ಹೇಳಿದ: “ಆ ‘ಅಂತಲ್ಲ’ ಒಂದನ್ನು ತೆಗೆದುಬಿಡೋ. ನೋಡಿದವರೆಲ್ಲ ಕಣ್ಣೊರೆಸಿಕೊಳ್ತಾರೆ.”

ನಿಜ. ಆ ಪದ ಒಂದು ಸೆಕೆಂಡಿನಷ್ಟೂ ಉದ್ದವಿಲ್ಲ. ಮುಚ್ಚುವುದಕ್ಕೆ ಮಲ್ಲಿಗೆಯ ಬೆರಳುಗಳು ಸಿದ್ಧವಾಗಿಯೇ ಇದ್ದವು. ಆದರೆ ನಮ್ಮ ಕನ್ನಡದಲ್ಲಿ ಇಲ್ಲ, ಅಲ್ಲ ಎಂಬುವು ಮಾತಿನ ಬಾಲಕ್ಕೆ ಬರುತ್ತವೆ; ಬಾಲ ಕತ್ತರಿಸಿದರೆ ಜೀವವೇ ಹೋಗುತ್ತದೆ. ಎಲ್ಲಿಯೋ ದುಡಿಯುತ್ತಿರುವ ಮಗನೊಬ್ಬ, ತಾಯಿಯ ಬಾಯಿಂದಲೇ, ಊರಿಗೆಲ್ಲ ಕೆಟ್ಟವನಾಗುತ್ತಿದ್ದ. ಅಜ್ಜಿ ನಮಗೆ ಕೊಟ್ಟದ್ದು ಮಾತು. ಅದನ್ನು ಅಳತೆಗೆ ತಕ್ಕಂತೆ ಹೊಲಿಯಬಹುದು, ಬೇರೆಯವರ ಬಟ್ಟೆ ಮಾಡುವಂತಿಲ್ಲ.

ಪದವನ್ನು ಉಳಿಸಿದೆ. ಆ ಮಾತಿನ ಮೇಲೆ ಬೇರೆ ಚಿತ್ರವನ್ನೂ ಹೊದಿಸಲಿಲ್ಲ. ಹೇಳುವಾಗ ಅಜ್ಜಿಯ ಮುಖ ಹೇಗಿತ್ತೋ ಹಾಗೆಯೇ ಬಿಟ್ಟೆ. ತರಗತಿಯಲ್ಲಿ ನೋಡಿದವರು ಯಾರೂ ಅಳಲಿಲ್ಲ. ಅಜ್ಜಿ ಮಾತ್ರ ನನ್ನ ಫೋನಿನಲ್ಲಿ ಅದನ್ನು ಎರಡು ಸಲ ನೋಡಿ, “ನನ್ ಮಗಂಗೂ ಒಂದು ಕಳಿಸಪ್ಪ” ಎಂದರು.