ಕಬಡ್ಡಿ ಆಡುವವನ ಎದೆ ಡವಡವ

ಈ ಸಲ ನಾನು ಕಬಡ್ಡಿ ಆಡುವವರ ಮನಸ್ಸಿನ ಬಗ್ಗೆ ಬರೆಯುತ್ತಿದ್ದೇನೆ. ಮೈ ಬಗ್ಗೆ ಎಲ್ಲರೂ ಹೇಳುತ್ತಾರೆ. ದಂಡ ಹೊಡಿ, ಬಸ್ಕಿ ಹೊಡಿ, ಮೊಟ್ಟೆ ತಿನ್ನು, ಹಾಲು ಕುಡಿ ಅಂತ. ಮನಸ್ಸಿಗೆ ಏನು ಬೇಕು ಅಂತ ಯಾರೂ ಹೇಳಲ್ಲ.

ಕಬಡ್ಡಿಯಲ್ಲಿ ಒಂದು ಕಡೆ ಏಳು ಜನ. ಆದರೆ ರೈಡಿಗೆ ಹೋಗುವವನು ಒಬ್ಬನೇ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಅನ್ನಬೇಕು, ಉಸಿರು ಬಿಟ್ಟರೆ ಔಟ್. ಹೆದರಿಕೆ ಆದಾಗ ಎದೆ ಡವಡವ ಹೊಡೆದುಕೊಂಡು ಉಸಿರು ಗಿಡ್ಡ ಆಗುತ್ತೆ. ಕಾಲು ಎಷ್ಟು ಗಟ್ಟಿ ಇದ್ದರೂ ಆಟ ಅಲ್ಲೇ ಮುಗೀತು.

ನಮ್ಮ ಕ್ಲಾಸಿನಲ್ಲಿ ಒಳ್ಳೇ ರೈಡರ್ ಒಬ್ಬನಿದ್ದಾನೆ. (ಹೆಸರು ಹಾಕಬೇಡ ಅಂದಿದ್ದಾನೆ, ಹಾಕಲ್ಲ. ಅವನಿಗೆ ಓದಿ ಹೇಳಿಯೇ ಇದನ್ನು ಅಂಟಿಸಿದ್ದು.) ಹೋಬಳಿ ಮಟ್ಟದ ಆಟದಲ್ಲಿ ಕೊನೇ ರೈಡಿನಲ್ಲಿ ಅವನನ್ನು ಹಿಡಿದರು, ಒಂದು ಪಾಯಿಂಟಿನಿಂದ ಸೋತೆವು. ಬರುವಾಗ ಟೆಂಪೋದಲ್ಲಿ ಕೆಲವರು "ನಿನ್ನಿಂದ್ಲೇ ಕಣೋ ಸೋತಿದ್ದು" ಅಂತ ಶಿರಾಳಕೊಪ್ಪ ದಾಟುವ ತನಕ ಅಂದರು. ಮಾರನೇ ದಿನದಿಂದ ಅವನಿಗೆ ದಿನಾ ಬೆಳಗ್ಗೆ ಹೊಟ್ಟೆನೋವು. ಬಿಸಿಯೂಟದಲ್ಲಿ ಎರಡು ತುತ್ತು ತಿಂದು ಎದ್ದುಬಿಡುವನು. ರಾತ್ರಿ ಕಣ್ಣು ಮುಚ್ಚಿದರೆ ಅದೇ ರೈಡ್ ಕಾಣುತ್ತೆ ಅಂತ ನನ್ನ ಹತ್ತಿರ ಮಾತ್ರ ಹೇಳಿದ. ಊರಿನ ದೊಡ್ಡವರು ಅವನ ಮಂಡಿ ಒತ್ತಿ ನೋಡಿ, "ಏನೂ ಆಗಿಲ್ಲ, ಬರೀ ನಾಟಕ" ಅಂದರು.

ದೀಪಾವಳಿ ಆದ ಮೇಲೆ ನಮ್ಮ ಶಿಕಾರಿಪುರ, ಸೊರಬ ಕಡೆ ಹೋರಿ ಹಬ್ಬ ನಡೆಯುತ್ತಲ್ಲ, ಅದಕ್ಕೆ ಹೋರಿ ಸಾಕಿದವರನ್ನು ನೋಡಿ. ನಮ್ಮ ಅಜ್ಜ ಹುರುಳಿ ಬೇಯಿಸಿ ಹಾಕುತ್ತಾರೆ, ಕೆರೆಯಲ್ಲಿ ಈಜಿಸುತ್ತಾರೆ. ಆದರೆ ಹೋರಿ ಒಂದು ದಿನ ಮೇವು ಮುಟ್ಟದಿದ್ದರೆ, "ಇದು ಬೆದರೈತೆ, ಈ ಸಲ ಬಿಡೋದು ಬ್ಯಾಡ" ಅಂತ ಪಕ್ಕದಲ್ಲೇ ಕೂತು ಮೈ ಸವರುತ್ತಾರೆ. ಹೋರಿಗೆ ಆದರೆ ಬೆದರಿಕೆ, ಹುಡುಗನಿಗೆ ಆದರೆ ನಾಟಕ ಹೇಗೆ ಆಗುತ್ತೆ?

ನಾನು ಪಿ.ಟಿ. ಸರ್ ಹತ್ತಿರ ಕೇಳಿದೆ. ಅವರು ರಗ್ಬಿ ಆಟದ ವಿಷಯ ಹೇಳಿದರು. ಅದೂ ಕಬಡ್ಡಿ ಥರ ಮೈಮೇಲೆ ಬಿದ್ದು ಹಿಡಿಯುವ ಆಟ, ಆದರೆ ಚೆಂಡು ಇರುತ್ತೆ, ಒಂದು ಕಡೆ ಹದಿನೈದು ಜನ. 2003ರ ವಿಶ್ವಕಪ್ ಫೈನಲಿನಲ್ಲಿ ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಕೊನೇ ಗಳಿಗೆಯಲ್ಲಿ ಚೆಂಡು ಒದ್ದು ಆಸ್ಟ್ರೇಲಿಯಾವನ್ನು 20-17ರಿಂದ ಸೋಲಿಸಿದರಂತೆ. ಅಂಥವರೇ ಆಮೇಲೆ, ನನಗೆ ಆತಂಕ, ಖಿನ್ನತೆ ಇತ್ತು ಅಂತ ಹೇಳಿಕೊಂಡಿದ್ದಾರೆ. 2007ರಲ್ಲಿ ಟಿ-ಟ್ವೆಂಟಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಕೂಡ 2020ರಲ್ಲಿ ಹಾಗೇ ಹೇಳಿದರು. ಗೆದ್ದವರಿಗೂ ಇದು ಬರುತ್ತೆ ಅಂತ ಕೇಳಿ ನನಗೆ ಆಶ್ಚರ್ಯ ಆಯ್ತು, ನನ್ನ ಗೆಳೆಯನಿಗೆ ಸ್ವಲ್ಪ ಸಮಾಧಾನ ಆಯ್ತು.

ಸರ್ ಬೋರ್ಡಿನ ಮೇಲೆ 14416 ಅಂತ ಬರೆದರು. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ನಂಬರು. ದುಡ್ಡು ಬೇಡ, ರಾತ್ರಿ ಹಗಲು ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಅವನ ಅಮ್ಮ ಎರಡು ಸಲ ಫೋನ್ ಮಾಡಿದ್ದಾರೆ.

ಈಗ ಪ್ರಾಕ್ಟೀಸಿಗೆ ಮುಂಚೆ ನಾವೆಲ್ಲ ಐದು ನಿಮಿಷ ಕೂತು ಉಸಿರು ನಿಧಾನ ಎಳೆದು ಬಿಡುತ್ತೇವೆ. ಮೊದಮೊದಲು ಕಿಸಕ್ ಅಂತ ನಗು ಬರುತ್ತಿತ್ತು. ಹೋದ ವಾರದಿಂದ ಅವನೂ ಮೈದಾನಕ್ಕೆ ಬರ್ತಿದ್ದಾನೆ. ರೈಡಿಗೆ ಹೋಗು ಅಂತ ಯಾರೂ ಹೇಳಿಲ್ಲ, ಕಾರ್ನರಿನಲ್ಲಿ ನಿಲ್ತಾನೆ. ಶನಿವಾರ ನನ್ನನ್ನೇ ಕಾಲು ಹಿಡಿದು ಕೆಡವಿದ, ಮಂಡಿ ಇನ್ನೂ ಉರೀತಿದೆ.