ಸಿಬಿಲ್ 561

ಕಾಲೇಜಿನಲ್ಲಿ ಸ್ಟಾರ್ಟಪ್ ಅಂದ್ರೆ ಐಡಿಯಾ, ಪಿಚ್ ಡೆಕ್, ಫಂಡಿಂಗ್. ಮುಂಡಗೋಡದ ನಮ್ಮ ಮನೇಲಿ ಅದು ಅಂದ್ರೆ ಒಂದು ನಂಬರ್, 561. ನಮ್ಮ ಅಣ್ಣನ ಸಿಬಿಲ್ ಸ್ಕೋರ್ ಅದು. ಸ್ಕೇಲ್ 300ರಿಂದ 900. ನಮ್ಮ ಇಂಟರ್ನಲ್ಸ್ ಥರಾ ಇದಕ್ಕೆ ಮೇಕಪ್ ಟೆಸ್ಟ್ ಇಲ್ಲ.

ನಾವು ಅಂದ್ರೆ ಮೂವರು: ದೊಡ್ಡಪ್ಪನ ಮಗ ಅಣ್ಣ, ಹುಬ್ಬಳ್ಳಿಯಲ್ಲಿ ಸ್ಟಾಫ್ ನರ್ಸ್ ಆಗಿರೋ ಅಕ್ಕ, ಮತ್ತೆ ಇದನ್ನು ಬರೆಯುತ್ತಿರುವ ಸೆಕೆಂಡ್ ಇಯರ್ ಮೆಕ್ಯಾನಿಕಲ್.

ಅಣ್ಣ ಸಾಲ ಮಾಡಿ ಗೋವಿನಜೋಳ ಒಕ್ಕುವ ಮಷಿನ್ ತಂದಿದ್ದ. ಮಳೆ ಕೈಕೊಟ್ಟ ವರ್ಷ ಬಾಡಿಗೆ ಬರಲಿಲ್ಲ, ಕಂತು ನಿಂತವು. ಆಮೇಲೆ ಬ್ಯಾಂಕಿನವರೇ ಕರೆದು ಒನ್ ಟೈಮ್ ಸೆಟಲ್‌ಮೆಂಟ್ ಅಂತ ಒಂದಿಷ್ಟು ಬಿಟ್ಟರು, ಉಳಿದದ್ದನ್ನು ಕಟ್ಟಿಸಿಕೊಂಡರು. ಮನೇಲಿ ಎಲ್ಲರಿಗೂ ಸಮಾಧಾನ. ಆದ್ರೆ ರಿಪೋರ್ಟ್ ತೆಗೆಸಿ ನೋಡಿದಾಗ ಅಲ್ಲಿದ್ದ ಪದ ‘ಕ್ಲೋಸ್ಡ್’ ಅಲ್ಲ, ‘ಸೆಟಲ್ಡ್’. ಪೂರ್ತಿ ತೀರಿಸಿಲ್ಲ ಅಂತ ಅದರರ್ಥ. “ಅವ್ರ ಹೇಳಿದಷ್ಟ ರೊಕ್ಕ ಕಟ್ಟೇನಿ, ಮತ್ತ್ಯಾಕ ಹಿಂಗ?” ಅಂತ ಅಣ್ಣ ಕೇಳಿದ. (ನಿಮ್ಮನೆಯವರ ರಿಪೋರ್ಟ್ ನೋಡಬೇಕಂದ್ರೆ ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಫ್ರೀ ಕೊಡಲೇಬೇಕು, ಆರ್‌ಬಿಐ ನಿಯಮ. ದುಡ್ಡು ಕೇಳೋ ಆ್ಯಪ್‌ಗಳ ಹತ್ರ ಹೋಗಬೇಡಿ.)

ಈಗ ಅವನ ಆಸೆ, ಅದೇ ಮಷಿನ್ ಜೊತೆ ಕಾಳು ಒಣಗಿಸೋ ಡ್ರೈಯರ್ ಹಾಕಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಬೇಕು ಅಂತ. ಸ್ಕೋರ್ ಕೆಟ್ಟವರಿಗೆ ಕಂಪನಿ ಮಾಡೋಕೆ ಬಿಡ್ತಾರಾ ಅನ್ನೋದೇ ನಮ್ಮ ಮೊದಲ ಭಯ. ಬಿಡ್ತಾರೆ. 2013ರ ಕಂಪನಿ ಕಾಯ್ದೆಗೆ ಕನಿಷ್ಠ ಇಬ್ಬರು ಡೈರೆಕ್ಟರ್, ಇಬ್ಬರು ಷೇರುದಾರರು ಸಾಕು. ಮೊದಲು ಕಡ್ಡಾಯವಿದ್ದ ಒಂದು ಲಕ್ಷದ ಬಂಡವಾಳದ ನಿಯಮವನ್ನೂ 2015ರಲ್ಲಿ ತೆಗೆದುಹಾಕಿದರು. ಕೋರ್ಟಿನಲ್ಲಿ ದಿವಾಳಿ ಅಂತ ಘೋಷಣೆಯಾಗಿ ಅದರಿಂದ ಬಿಡುಗಡೆ ಆಗದವರು ಡೈರೆಕ್ಟರ್ ಆಗೋ ಹಾಗಿಲ್ಲ. ಕಂತು ತಪ್ಪಿದ್ದು ದಿವಾಳಿಯಲ್ಲ. ಫಾರ್ಮಿನಲ್ಲಿ ಸಿಬಿಲ್ ಅನ್ನೋ ಕಾಲಮ್ಮೇ ಇಲ್ಲ.

ಹಾಗಾಗಿ ಕಂಪನಿ ಆಯ್ತು. ಕಾನೂನಿನ ಕಣ್ಣಲ್ಲಿ ಅದು ನಮ್ಮಿಂದ ಬೇರೆಯೇ ಆದ ಒಬ್ಬ ‘ವ್ಯಕ್ತಿ’. ಅದಕ್ಕೆ ಅದರದೇ ಪ್ಯಾನ್ ಕಾರ್ಡ್, ಅದರದೇ ಖಾತೆ. 561 ಅದಕ್ಕೆ ಅಂಟಿಲ್ಲ.

ಡ್ರೈಯರ್ ಸಾಲಕ್ಕೆ ಹೋದ ದಿನ ಮಾತ್ರ ಅಂಟಿತು. ಹೊಸ ಕಂಪನಿಗೆ ಹಿಸ್ಟರಿಯೇ ಇರಲ್ಲ, ಆದ್ದರಿಂದ ಬ್ಯಾಂಕು ನೋಡೋದು ಡೈರೆಕ್ಟರುಗಳ ಮುಖ. ಅಣ್ಣನ ಮುಖ ನೋಡಿ ಆಯ್ತು, ನಮ್ಮಲ್ಲಿ ವಿದ್ಯಾರ್ಥಿಗೆ ಮುಖವೇ ಇಲ್ಲ. ಉಳಿದದ್ದು ಅಕ್ಕನ ಸಂಬಳದ ಚೀಟಿ. ಅವಳು ಪರ್ಸನಲ್ ಗ್ಯಾರಂಟಿಗೆ ಸಹಿ ಹಾಕಿದರೆ ನೋಡೋಣ ಅಂದರು.

ಆ ರಾತ್ರಿ ಅಕ್ಕ ಕೇಳಿದ್ದು ಒಂದೇ: “ಕಂಪನಿ ಬ್ಯಾರೆ, ನಾವು ಬ್ಯಾರೆ ಅಂತೀರಿ. ಮತ್ತ ಸಹಿ ನಂದ್ಯಾಕ?” ಉತ್ತರ 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ನಿನಲ್ಲಿದೆ. ಜಾಮೀನು ನಿಂತವರ ಹೊಣೆ ಸಾಲಗಾರನಷ್ಟೇ. ಮೊದಲು ಕಂಪನಿಯನ್ನು ಕೇಳಿ ಆಮೇಲೆ ಅಕ್ಕನ ಹತ್ರ ಬರಬೇಕು ಅಂತೇನೂ ಇಲ್ಲ, ನೇರ ಬರಬಹುದು. ಕಂಪನಿ ಕಟ್ಟಿದ ಗೋಡೆಗೆ ಈ ಸಹಿ ಬಾಗಿಲು ಇಡುತ್ತೆ.

ಜಾಮೀನು ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಶುರು ಮಾಡಿದರಲ್ಲ, ಆಗಿನ ಕಾಯ್ದೆ ಪ್ರಕಾರ ಹಳ್ಳಿ ಸಂಘಗಳ ಹೊಣೆಗೆ ಮಿತಿಯೇ ಇರಲಿಲ್ಲ, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ. ಆದ್ರೆ ಅಲ್ಲಿ ಭಾರ ಊರಿನ ಮೇಲೆ ಹಂಚಿತ್ತು. ಇಲ್ಲಿ ಇಡೀ ಭಾರ ಬೀಳೋದು, ತನ್ನದೇ ಒಂದು ಮನೆ ಕಟ್ಟಬೇಕು ಅಂತ ದುಡ್ಡು ಕೂಡಿಡ್ತಿರೋ ಒಬ್ಬಳ ಮೇಲೆ.

ಅಕ್ಕ ಸಹಿ ಹಾಕಲಿಲ್ಲ. ಅಣ್ಣ ಎರಡು ದಿನ ಅವಳ ಜೊತೆ ಮಾತಾಡಲಿಲ್ಲ, ಮೂರನೇ ದಿನ ಅವನೇ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದ.

ಡ್ರೈಯರ್ ಸದ್ಯಕ್ಕಿಲ್ಲ. ಹಳೇ ಮಷಿನ್ನೇ ಕಂಪನಿ ಹೆಸರಲ್ಲಿ ಓಡ್ತಿದೆ, ಬಾಡಿಗೆ ದುಡ್ಡು ಕಂಪನಿ ಖಾತೆಗೇ ಬೀಳ್ತಿದೆ. ಎರಡು ಸೀಸನ್ನಿನ ಲೆಕ್ಕ ಇದ್ರೆ ಕಂಪನಿಗೆ ತನ್ನದೇ ಒಂದು ಮುಖ ಬರುತ್ತೆ ಅನ್ನೋದು ನಮ್ಮ ಲೆಕ್ಕ. ಇತ್ತ ಅಣ್ಣ ಬ್ಯಾಂಕು ಬಿಟ್ಟುಕೊಟ್ಟಿದ್ದ ಆ ದುಡ್ಡನ್ನೂ ಕೂಡಿಡ್ತಿದ್ದಾನೆ. ಅದನ್ನೂ ಕಟ್ಟಿ ನೋ ಡ್ಯೂ ಪತ್ರ ತಗೊಂಡರೆ ‘ಸೆಟಲ್ಡ್’ ಅನ್ನೋದನ್ನ ‘ಕ್ಲೋಸ್ಡ್’ ಮಾಡಿಸಬಹುದಂತೆ. ಒಂದು ಪದಕ್ಕೆ ಇಷ್ಟು ದುಡ್ಡಾ ಅಂತ ದೊಡ್ಡಮ್ಮ ದಿನಾ ಕೇಳ್ತಾರೆ.