ಹೆಬ್ಬೆರಳಿನ ಗುರುತು

ಬಲಿಚಕ್ರವರ್ತಿಯ ಯಜ್ಞಶಾಲೆಯಲ್ಲಿ ವಾಮನ ಮೂರು ಹೆಜ್ಜೆ ನೆಲ ಕೇಳಿದನಲ್ಲ, ಆಗ ಅಲ್ಲಿ ಪಂಚರೆಂಬವರು ಯಾರೂ ಇದ್ದಂತೆ ಕಾಣುವುದಿಲ್ಲ. ಇದ್ದಿದ್ದರೆ ಮೊದಲ ಹೆಜ್ಜೆ ಎಲ್ಲಿಂದ ಹೊರಟಿತು, ಎರಡನೆಯದಕ್ಕೆ ಯಾವ ಕಾಲು ಊರಿತು ಎಂದು ತಕರಾರು ಎದ್ದೇ ಏಳುತ್ತಿತ್ತು. ಆಕ್ಷೇಪಣೆ ಎತ್ತಿದವರು ಶುಕ್ರಾಚಾರ್ಯರೊಬ್ಬರೇ. ಅದಕ್ಕಾಗಿ ಅವರು ತೆತ್ತದ್ದು ಒಂದು ಕಣ್ಣು. ಮೂರು ಹೆಜ್ಜೆಯ ಆಟಕ್ಕೆ ಕಣ್ಣಿಟ್ಟು ಕುಳಿತವರ ಹಣೆಬರಹ ಅಂದಿನಿಂದಲೂ ಅಷ್ಟಕ್ಕಷ್ಟೆ.

ನಾನೂ ಅನೇಕ ವರ್ಷ ಆ ಆಟಕ್ಕೆ ಕಣ್ಣಿಟ್ಟು ಕುಳಿತವನು. ಡ್ರಿಲ್ ಮಾಸ್ತರಿಕೆ ಮಾಡಿದವನಿಗೆ ಕ್ರೀಡಾಕೂಟದ ಕೆಲಸ ತಪ್ಪದು. ಖಾನಾಪುರದ ತಾಲೂಕು ಕೂಟವಿರಲಿ, ಬೆಳಗಾವಿಯ ಜಿಲ್ಲಾ ಕೂಟವಿರಲಿ, ಕೆಲಸ ಹಂಚುವಾಗ ನೂರು ಮೀಟರ್ ಓಟದ ಪಿಸ್ತೂಲಿಗೆ ಹತ್ತು ಕೈ ಮುಂದೆ ಬರುತ್ತವೆ. ತ್ರಿವಿಧ ಜಿಗಿತದ ಸರದಿ ಬಂದಾಗ ಎಲ್ಲರೂ ಆಕಾಶ ನೋಡುತ್ತಾರೆ. ಜನ ನೋಡುವುದು ಓಟ, ಕ್ಯಾಮೆರಾ ಹೋಗುವುದು ಓಟಕ್ಕೆ. ಜಿಗಿತದ ಹೊಂಡವಿರುವುದು ಮೈದಾನದ ಮೂಲೆಯಲ್ಲಿ. ಅಲ್ಲಿ ಒಂದು ಕುರ್ಚಿ, ಒಂದು ಬಿಳಿ ಬಾವುಟ, ಒಂದು ಕೆಂಪು ಬಾವುಟ, ಮತ್ತು ನಾನು.

ಹಳಬರು ಈ ಆಟವನ್ನು ಹಾಪ್-ಸ್ಟೆಪ್-ಜಂಪ್ ಎಂದೇ ಕರೆಯುತ್ತಿದ್ದರು. ಹೆಸರಿನಲ್ಲಿಯೇ ನಿಯಮವಿದೆ. ಓಡಿಬಂದು ಯಾವ ಕಾಲಿನಿಂದ ಹಾರುತ್ತೀರೋ ಅದೇ ಕಾಲಿನ ಮೇಲೆ ಮೊದಲು ಇಳಿಯಬೇಕು. ನಮ್ಮ ಹುಡುಗಿಯರ ಕುಂಟಾಬಿಲ್ಲೆಯ ಹಾಗೆ. ಅಲ್ಲಿಂದ ಎರಡನೆಯ ಹೆಜ್ಜೆ ಇನ್ನೊಂದು ಕಾಲಿಗೆ. ಮೂರನೆಯದು ಉಸುಕಿಗೆ. ಹೇಳಲು ಸುಲಭ. ಆದರೆ ಓಟದ ಭರದಲ್ಲಿ ಎಷ್ಟು ಮಕ್ಕಳಿಗೆ ಎಡ ಬಲ ಮರೆತುಹೋಗುತ್ತದೆ! ಮೊದಲನೆಯ ನೆಗೆತದಲ್ಲಿ ದುರಾಸೆ ಮಾಡಿದವನಿಗೆ ನಡುವಿನ ಹೆಜ್ಜೆ ಕೈಕೊಡುತ್ತದೆ. ಅದು ಕುಸಿದರೆ ಕೊನೆಯದರಲ್ಲಿ ಹಾರಲು ಬಲವೇ ಉಳಿಯುವುದಿಲ್ಲ. ಸಂಸಾರದಲ್ಲಿಯೂ ಹಾಗೆಯೇ ಎಂದು ನಮ್ಮ ಹಿರಿಯ ಮಾಸ್ತರರೊಬ್ಬರು ಹೇಳುತ್ತಿದ್ದರು. ಅವರಿಗೆ ಮೂರು ಜನ ಮಕ್ಕಳು.

ಹಲಗೆಯ ಬಳಿ ಕುಳಿತವನಿಗೆ ಒಂದು ವಿಚಿತ್ರ ಶಿಕ್ಷೆಯಿದೆ. ಅವನು ಜಿಗಿತವನ್ನು ನೋಡುವಂತಿಲ್ಲ. ಇಪ್ಪತ್ತು ಸೆಂಟಿಮೀಟರ್ ಅಗಲದ ಹಲಗೆ, ಅದರ ಮುಂಗಡೆಯ ಗೆರೆ, ಆ ಗೆರೆಯ ಹತ್ತಿರ ಬಂದೆರಗುವ ಒಂದು ಪಾದ; ಅವನ ಪಾಲಿಗೆ ಜಗತ್ತೆಲ್ಲ ಅಷ್ಟೆ. ಪಾದ ಎದ್ದು ಹೋದ ಮೇಲೂ ಕಣ್ಣು ಅಲ್ಲಿಯೇ ಇರಬೇಕು. ಹುಡುಗ ಗಾಳಿಯಲ್ಲಿ ಹಕ್ಕಿಯಂತೆ ಹೋದನೋ ಮೂಟೆಯಂತೆ ಬಿದ್ದನೋ ಎಂಬುದು ಜನರ ಕೂಗಿನಿಂದ ತಿಳಿಯಬೇಕು. ಇಷ್ಟು ವರ್ಷಗಳಲ್ಲಿ ನಾನು ಸಾವಿರಾರು ಪಾದಗಳನ್ನು ಕಂಡಿರಬಹುದು. ಜಿಗಿತ ಕಂಡದ್ದು ಕೆಲವೇ.

ಕೂಟದ ದಿನ ಬೆಳಿಗ್ಗೆ ಮಾಡುವ ಕೆಲಸವೇ ಮುಖ್ಯವಾದದ್ದು. ದೊಡ್ಡ ಕೂಟಗಳಲ್ಲಿ ಹಲಗೆಯಿಂದ ಉಸುಕಿನ ಹೊಂಡಕ್ಕೆ ಗಂಡಸರಿಗೆ 13 ಮೀಟರ್, ಹೆಂಗಸರಿಗೆ 11 ಮೀಟರ್ ದೂರವಿರುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಅಷ್ಟು ದೂರವಿಟ್ಟರೆ ಅರ್ಧ ಜನ ಉಸುಕು ಮುಟ್ಟದೆ ಗಟ್ಟಿ ನೆಲಕ್ಕೆ ಬೀಳುತ್ತಾರೆ. ಆದ್ದರಿಂದ ಅವರ ಕಾಲಿನ ಶಕ್ತಿ ನೋಡಿ ಗೆರೆಯನ್ನು ಹತ್ತಿರಕ್ಕೆ ತರಬೇಕು. ಉಸುಕನ್ನು ಸಲಿಕೆಯಿಂದ ಅಗೆದು, ಕಲ್ಲು ಆರಿಸಿ, ನೀರು ಚಿಮುಕಿಸಬೇಕು. ಖಾನಾಪುರದಲ್ಲಿ ನೀರು ಚಿಮುಕಿಸುವ ಕೆಲಸವನ್ನು ಮಳೆರಾಯ ತಾನಾಗಿಯೇ ವಹಿಸಿಕೊಂಡಿರುತ್ತಾನೆ. ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದೂರದ ಊರು. ಆದರೆ ಮಳೆಯ ಲೆಕ್ಕದಲ್ಲಿ ಬೇರೆ ದೇಶ. ಪಶ್ಚಿಮಕ್ಕೆ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಕೂಟಗಳು ನಡೆಯುವ ಆಗಸ್ಟ್, ಸಪ್ಟೆಂಬರಿನಲ್ಲಿ ಆ ದಿಕ್ಕಿನಿಂದ ಮೋಡ ಬರುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಆ ಊರಿನಿಂದ ನನಗೆ ದೊಡ್ಡ ಉಪಕಾರವಾದದ್ದು ಅದರ ಮಣ್ಣಿನಿಂದ. ದೊಡ್ಡ ಕೂಟಗಳಲ್ಲಿ ಗೆರೆಯ ಮುಂದೆ ಪ್ಲಾಸ್ಟಿಸಿನ್ ಎಂಬ ಮೆತ್ತನೆಯ ವಸ್ತು ಮೆತ್ತಿದ ಪಟ್ಟಿಯೊಂದನ್ನು ಕೂಡಿಸುತ್ತಾರೆ. ಬೆರಳು ಗೆರೆ ದಾಟಿದರೆ ಅದರಲ್ಲಿ ಗುರುತು ಮೂಡುತ್ತದೆ. ತಾಲೂಕು ಕೂಟಕ್ಕೆ ಅದೆಲ್ಲಿಂದ ಬರಬೇಕು? ಖಾನಾಪುರವೆಂದರೆ ಕುಂಬಾರರ ಊರು. ಕುಂಬಾರಿಕೆ ಕಲಿಸಲು ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆಯೊಂದು ಅಲ್ಲಿಯೇ ಇದೆ. ಹದವಾಗಿ ನಾದಿದ ಒಂದು ಮುದ್ದೆ ಮಣ್ಣು ತಂದು, ಗೆರೆಯ ಮುಂದೆ ಅಂಗೈ ಅಗಲ ತಟ್ಟಿ, ತೋಯ್ದ ಬೆರಳಿನಿಂದ ನಯ ಮಾಡಿದರೆ ಇರುವೆ ಹೋದರೂ ತಿಳಿಯುತ್ತದೆ.

ಈ ಮಣ್ಣಿನ ಮಹತ್ವ ತಿಳಿಯಬೇಕಾದರೆ ಮಾಸ್ಕೋದ ಕಥೆ ಕೇಳಬೇಕು. 1980ರ ಒಲಿಂಪಿಕ್ಸಿನಲ್ಲಿ ತ್ರಿವಿಧ ಜಿಗಿತದ ಚಿನ್ನವನ್ನೂ ಬೆಳ್ಳಿಯನ್ನೂ ಆತಿಥೇಯರಾದ ಸೋವಿಯೆತ್ ಒಕ್ಕೂಟದವರೇ ಪಡೆದರು. ಗೆದ್ದ ಯಾಕ್ ಉಡ್‌ಮೇ ಜಿಗಿದದ್ದು 17.35 ಮೀಟರ್. ಆದರೆ ಬ್ರೆಜಿಲಿನ ಜೊವಾವ್ ಕಾರ್ಲೊಸ್ ಡಿ ಒಲಿವೆರಾ ಮತ್ತು ಆಸ್ಟ್ರೇಲಿಯದ ಇಯಾನ್ ಕ್ಯಾಂಪ್‌ಬೆಲ್ ಇಬ್ಬರೂ ಸೇರಿ ಮಾಡಿದ 12 ಜಿಗಿತಗಳಲ್ಲಿ 9 ಫೌಲ್ ಎಂದು ಹೋದವು. ಕ್ಯಾಂಪ್‌ಬೆಲ್ಲನ ಒಂದು ಭಾರಿ ಜಿಗಿತಕ್ಕೆ ಕೆಂಪು ಬಾವುಟ ಎತ್ತಿದ್ದು, ತೂಗಾಡುವ ಕಾಲು ನಡುವೆ ನೆಲಕ್ಕೆ ಸವರಿತೆಂಬ ಕಾರಣಕ್ಕೆ. ಸವರಿಲ್ಲವೆಂದು ಆತ ವಾದಿಸಿದ. ತೋರಿಸಲು ಗುರುತಿರಲಿಲ್ಲ. ಪಂಚರು ಕಂಡದ್ದು ನಿಜವಿದ್ದೀತು, ಇಲ್ಲದಿದ್ದೀತು. ಆದರೆ ಸೋತವನಿಗೆ ತೋರಿಸಲಾಗದ ತಪ್ಪು ಇಂದಿಗೂ ಗುಮಾನಿಯಾಗಿಯೇ ಉಳಿದಿದೆ. ಮುಂದೆ ನಿಯಮವನ್ನೇ ಬದಲಿಸಿದರು. ತೂಗುಗಾಲು ನೆಲ ತಾಗಿದರೆ ಈಗ ಅದು ತಪ್ಪಲ್ಲ.

ಈ ಮಾತು ನನಗೆ ಪುಸ್ತಕದಿಂದ ತಿಳಿದಿತ್ತು. ಮನಸ್ಸಿಗೆ ಹತ್ತಿದ್ದು ಒಬ್ಬ ಹುಡುಗಿಯಿಂದ. ಜಾಂಬೋಟಿಯ ಕಡೆಯ ಒಂದು ಹಳ್ಳಿಯವಳು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಕಾಲಿಗೆ ಬೂಟಿಲ್ಲ. ಪ್ರತಿಯೊಬ್ಬರಿಗೂ ಮೂರೇ ಅವಕಾಶ. ಮೊದಲನೆಯದಕ್ಕೆ ಓಡಿಬಂದಳು, ಹೊಂಡದ ಕಡೆಯಿಂದ ಭಾರಿ ಕೂಗೆದ್ದಿತು. ನಾನು ಕೆಂಪು ಬಾವುಟ ಎತ್ತಿದೆ. ಕೂಗು ಅಲ್ಲಿಯೇ ಸತ್ತುಹೋಯಿತು.

ಅವಳ ಅಕ್ಕೋರು ಬಂದರು. “ಸರ, ಹುಡುಗಿ ನಸುಕಿನ್ಯಾಗ ಎದ್ದು ಬಂದೈತ್ರಿ. ಈ ಒಂದ್ಸಲ ಬಿಡ್ರಿ” ಎಂದರು. ನಾನು ಅವರಿಗೆ ಏನೂ ಹೇಳಲಿಲ್ಲ. ಹುಡುಗಿಯನ್ನು ಕರೆದು ಮಣ್ಣು ತೋರಿಸಿದೆ. ಎಳೆ ಚಂದ್ರನ ಹಾಗೆ ಹೆಬ್ಬೆರಳಿನ ಗುರುತು. ಅವಳು ಕುಕ್ಕರಗಾಲಿನಲ್ಲಿ ಕೂತು ನೋಡಿದಳು. ಸಂಶಯ ಬೇಡವೆಂದು ತನ್ನ ಬೆರಳನ್ನು ಪಕ್ಕಕ್ಕಿಟ್ಟು ಹೋಲಿಸಿದಳು. “ನಂದ ಐತ್ರಿ” ಎಂದು ಎದ್ದು ಹೋದಳು. ನಾನು ತೋಯ್ದ ಬೆರಳಿನಿಂದ ಗುರುತು ಅಳಿಸಿದೆ.

ಎರಡನೆಯದೂ ಫೌಲ್. ಈಗ ನನ್ನ ಸಂಕಟ ಕೇಳಿರಿ. ಅವಳು ಓಟಕ್ಕೆ ಹೊರಡುವ ಜಾಗದಲ್ಲಿ ಗುರುತಿಗೆಂದು ಒಂದು ಕಲ್ಲಿಟ್ಟುಕೊಂಡಿದ್ದಳು. ಆ ಕಲ್ಲು ಎರಡು ಬೆರಳು ಹಿಂದೆ ಹೋದರೆ ಸಾಕು, ಪಾದ ಗೆರೆಯ ಒಳಗೆ ಬೀಳುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿಕೊಟ್ಟ ಬಾಯಿ ನನ್ನದು. ಆದರೆ ಬಾವುಟ ಹಿಡಿದವನು ಪಾಠ ಹೇಳುವಂತಿಲ್ಲ. ಉಳಿದ ಹದಿನಾಲ್ಕು ಹುಡುಗಿಯರಿಗೆ ನಾನು ಹೇಳಿರಲಿಲ್ಲವಲ್ಲ! ತುಟಿ ಬಿಗಿಹಿಡಿದು ಮತ್ತೆ ಮಣ್ಣು ತೋರಿಸಿದೆ. ನನಗಿದ್ದ ಭಾಷೆ ಅದೊಂದೇ. ಅವಳು ಈ ಸಲ ಗೆರೆಯಿಂದ ಗುರುತಿನ ತುದಿಗೆ ಬೆರಳಿಟ್ಟು ಅಳೆದಳು. ಹೋಗಿ, ಕಲ್ಲನ್ನು ಅಷ್ಟೇ ಬೆರಳು ಹಿಂದಕ್ಕೆ ಸರಿಸಿದಳು.

ಮೂರನೆಯ ಸಲ ಮಣ್ಣು ನಯವಾಗಿ ಉಳಿಯಿತು. ಬಿಳಿ ಬಾವುಟ ಎತ್ತುವಾಗ ನನ್ನ ಕೈ ಸ್ವಲ್ಪ ಹೆಚ್ಚೇ ಮೇಲಕ್ಕೆ ಹೋಗಿರಬೇಕು. ಆದರೆ ಎರಡು ಫೌಲು ಮಾಡಿ ಹೆದರಿದ ಜಿಗಿತ ಅದು. ಅಳೆದಾಗ ನಾಲ್ಕು ಸೆಂಟಿಮೀಟರಿನಿಂದ ಮೊದಲ ಸ್ಥಾನ ತಪ್ಪಿತ್ತು. ನಾಲ್ಕೇನು, ಒಂದೂ ಸಾಕು: 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ನಮ್ಮವರೇ ಆದ ಎಲ್ಡೋಸ್ ಪಾಲ್ 17.03 ಮೀಟರಿಗೆ ಚಿನ್ನ ಪಡೆದರು, ಅಬ್ದುಲ್ಲಾ ಅಬೂಬಕರ್ 17.02ಕ್ಕೆ ಬೆಳ್ಳಿ. ಹುಡುಗಿಯ ಗೆಳತಿಯರು, ಮೊದಲನೆಯ ಜಿಗಿತವೇ ಎಲ್ಲಕ್ಕಿಂತ ದೊಡ್ಡದಾಗಿತ್ತು, ಪಂಚರು ಮೋಸ ಮಾಡಿದರು ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಗೊಣಗಿದರು. ಅವಳು ತಿರುಗಿ ನೋಡಿ, “ಇಲ್ಲಬೇ, ಬಟ್ಟು ಹೊರಗ ಬಿದ್ದಿತ್ತು. ನಾನ ನೋಡೇನಿ” ಎಂದಳು.

ಈ ಸೇವೆಯಲ್ಲಿ ನನಗೆ ಬಂದ ಪ್ರಶಸ್ತಿಪತ್ರಗಳು ಕೆಲವಿವೆ; ಅವು ಪೆಟ್ಟಿಗೆಯಲ್ಲಿವೆ. ಈ ಮಾತು ಮಾತ್ರ ನೆನಪಿನಲ್ಲಿದೆ.

ಮರುವರ್ಷ ಅವಳು ತಾಲೂಕು ಗೆದ್ದು ಬೆಳಗಾವಿಗೆ ಬಂದಳು. ನೆಹರು ನಗರದ ಜಿಲ್ಲಾ ಕ್ರೀಡಾಂಗಣವೆಂದರೆ ಹಳ್ಳಿಯ ಮಕ್ಕಳಿಗೆ ಅರ್ಧ ಸ್ವರ್ಗ, ಅರ್ಧ ಭಯ. ಹುಡುಗಿಯರು ಮೈ ಬಿಸಿ ಮಾಡಿಕೊಂಡು ಸಾಲಾಗಿ ನಿಂತಿದ್ದರು. ಅಷ್ಟರಲ್ಲಿ ಧ್ವನಿವರ್ಧಕ ಕೂಗಿತು: ಅತಿಥಿಗಳು ಬಂದಿದ್ದಾರೆ, ಎಲ್ಲ ಆಟಗಳನ್ನು ನಿಲ್ಲಿಸಿರಿ. ಹಾರ, ಶಾಲು, ಭಾಷಣ. ನನಗೆ ನೆನಪಾದದ್ದು ಹೆನ್ರಿ ರೆಬೆಲ್ಲೊ. 1948ರ ಲಂಡನ್ ಒಲಿಂಪಿಕ್ಸಿನ ತ್ರಿವಿಧ ಜಿಗಿತದಲ್ಲಿ ಅಂತಿಮ ಸುತ್ತಿಗೇರಿದ್ದ 19ರ ತರುಣ; ಭಾರತಕ್ಕೆ ಪದಕದ ಆಸೆ ಹುಟ್ಟಿಸಿದ್ದವನು. ಓಡಲು ಸಿದ್ಧನಾದವನನ್ನು ಯಾವುದೋ ಪದಕ ಪ್ರದಾನಕ್ಕಾಗಿ ಅಧಿಕಾರಿಗಳು ತಡೆದು ನಿಲ್ಲಿಸಿದರು. ಚಳಿಯಲ್ಲಿ ಮೈ ಆರಿತು. ಮತ್ತೆ ಓಡಿದಾಗ ತೊಡೆಯ ಸ್ನಾಯು ಹರಿದು, ಅಲ್ಲಿಗೇ ಅವನ ಒಲಿಂಪಿಕ್ಸ್ ಮುಗಿಯಿತು.

ಭಾಷಣ ಮುಗಿಯಿತು, ಬೇಗ ಶುರುಮಾಡಿರೆಂದು ಚೀಟಿ ಬಂದಿತು. ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು, “ಎಲ್ಲಾರೂ ಎರಡು ಸುತ್ತು ಓಡಿ ಬರ್ರಿ, ಆಮ್ಯಾಲೆ ಶುರು” ಎಂದೆ. ಹತ್ತು ನಿಮಿಷ ತಡವಾಯಿತು. ಸ್ನಾಯು ಹರಿಯಲಿಲ್ಲ.

ಇಂದು ದೊಡ್ಡ ಕೂಟಗಳಲ್ಲಿ ಗೆರೆಯನ್ನು ಕ್ಯಾಮೆರಾ ಕಾಯುತ್ತದೆ. 2021ರ ನವೆಂಬರಿನಿಂದ ನಿಯಮವೂ ಬಿಗಿಯಾಗಿದೆ. ನೆಲ ಬಿಡುವ ಮುಂಚೆ ಬೆರಳು ಗೆರೆಯ ಮೇಲೆ ಗಾಳಿಯಲ್ಲಿ ಚಾಚಿದರೂ ಫೌಲು. ಕ್ಯಾಮೆರಾದ ಚಿತ್ರವನ್ನು ಆಟಗಾರನಿಗೂ ತೋರಿಸಬಹುದು. ಅಷ್ಟರ ಮಟ್ಟಿಗೆ ಅದು ನನ್ನ ಮಣ್ಣಿನ ಮುದ್ದೆಯ ಜಾತಿಯದೇ. ಅದು ಜಾಂಬೋಟಿಯ ದಾರಿಗೆ ಬರುವವರೆಗೆ ಕುಂಬಾರ ನಮ್ಮನ್ನು ಕೈಬಿಡುವುದಿಲ್ಲ.

ಬೆಳಗಾವಿಯಲ್ಲಿ ಆ ದಿನ ಅವಳ ಕೊನೆಯ ಜಿಗಿತ ಮುಗಿದಾಗ ಜನ ಕೂಗಿದರು. ಉಸುಕು ಕೊಡವಿಕೊಳ್ಳುತ್ತ ನನ್ನ ಹತ್ತಿರ ಬಂದು ಕೇಳಿದಳು: “ಸರ, ಚಲೋ ಬಿತ್ತೇನ್ರಿ?”

“ನಾ ನೋಡಿಲ್ಲವಾ, ಟೇಪಿನವರನ್ನ ಕೇಳು. ಬಟ್ಟು ಮಾತ್ರ ಒಳಗೈತಿ” ಎಂದೆ.